ಎರಡು ಗೆರೆಯ ಮಾನಪ್ಪ

ಬಂಗಾರವನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದ ಕಾಲದ ಮಾತು ಇದು. ಬಹಳ ಹಿಂದೆ, ಹೊಳೆಯಿಂದ ಒಂದು ಕೂಗಿನಷ್ಟು ದೂರದಲ್ಲಿ, ಒಂದೂರಿತ್ತಂತೆ. ಊರಿನ ಹೆಸರು ಕೇಳಬೇಡಿ. ಹೊಳೆಸಾಲಿನ ಏಳು ಊರಿನವರೂ ಅದು ನಮ್ಮೂರೇ ಅನ್ನುತ್ತಾರೆ, ಜಗಳಕ್ಕೂ ಬರುತ್ತಾರೆ. ಆ ಜಗಳ ಬಿಡಿಸುವಷ್ಟು ತ್ರಾಣ ನನ್ನಲ್ಲಿ ಈಗ ಉಳಿದಿಲ್ಲ. ಒಂದೂರು ಅಂತ ಇಟ್ಟುಕೊಳ್ಳಿ. ಆ ಊರಲ್ಲಿ ಒಬ್ಬ ಪತ್ತಾರ ಇದ್ದನಂತೆ. ಬಂಗಾರದ ಕೆಲಸ ಮಾಡುವವರನ್ನು ನಮ್ಮ ಕಡೆ ಪತ್ತಾರ ಅನ್ನುತ್ತೇವಲ್ಲ, ಅವನೇ. ಹೆಸರು ಮಾನಪ್ಪ.

ಮಾನಪ್ಪನ ಬಗ್ಗೆ ಏನೇನೋ ಹೇಳುತ್ತಾರೆ. ಕಣ್ಣು ಮುಚ್ಚಿಕೊಂಡು ಬಳೆಯ ಸದ್ದು ಕೇಳಿ ಅದರಲ್ಲಿ ತಾಮ್ರ ಎಷ್ಟಿದೆ ಅಂತ ಹೇಳುತ್ತಿದ್ದನಂತೆ. ಒರೆಗಲ್ಲಿನ ಮೇಲೆ ಎಳೆದ ಗೆರೆ ನೋಡಿ ಆ ಬಂಗಾರ ಎಷ್ಟು ಮದುವೆ ಕಂಡಿದೆ, ಎಷ್ಟು ಸಲ ಗಿರವಿಗೆ ಹೋಗಿ ಬಂದಿದೆ ಅಂತಲೂ ಹೇಳುತ್ತಿದ್ದನಂತೆ. ಅವನ ಒರೆಗಲ್ಲು ಹೊಳೆಯ ಮಡುವಿನಿಂದ ತಾನಾಗಿ ಎದ್ದು ಬಂದದ್ದಂತೆ. ನಮ್ಮವ್ವ ಇದನ್ನೆಲ್ಲ ಹೇಳಿ ಕೊನೆಗೆ, ಹಂಗೇನೂ ಇರಲಿಕ್ಕಿಲ್ಲ, ಅವನಿಗೆ ಒಬ್ಬಳು ಅಕ್ಕ ಇದ್ದಳು, ಅಷ್ಟೇ ಖರೆ ಅನ್ನುತ್ತಿದ್ದಳು.

ಅಕ್ಕನ ಹೆಸರು ಕಾಳವ್ವ. ಅಪ್ಪ ಅವ್ವ ಇಬ್ಬರೂ ಒಂದೇ ವರ್ಷದಲ್ಲಿ ಹೋದಾಗ ಮಾನಪ್ಪನಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲವಂತೆ. ಕಾಳವ್ವ ಅವನಿಗಿಂತ ಏಳೆಂಟು ವರ್ಷ ದೊಡ್ಡವಳು. ಅಪ್ಪನ ಅಗ್ಗಿಷ್ಟಿಗೆಯನ್ನು ಆರಲು ಬಿಡಲಿಲ್ಲವಂತೆ ಆಕೆ. ಊದುಗೊಳವೆ ಹಿಡಿದು ತಾನೇ ಊದಿ ಊದಿ, ಕಣ್ಣಿಗೆ ಹೊಗೆ ಕಟ್ಟಿಸಿಕೊಂಡು, ತಮ್ಮನ ಕೈಗೆ ಚಿಮಟ ಕೊಟ್ಟು ಕೆಲಸ ಕಲಿಸಿದಳಂತೆ. ಹೆಣ್ಣುಮಗಳು ಕಲಿಸಿದ ಕೆಲಸ ಅಂತ ಮೊದಮೊದಲು ಜನ ನಕ್ಕರಂತೆ. ಆಮೇಲೆ ಅವನು ಮಾಡಿದ ಬೋರಮಾಳ ನೋಡಿ, ಗುಂಡು ಗುಂಡೂ ಜೋಳದ ಕಾಳಿನ ಹಾಗೆ ಒಂದೇ ಸಮ ಇದ್ದದ್ದನ್ನು ನೋಡಿ, ನಗುವುದನ್ನು ಬಿಟ್ಟರಂತೆ.

ಕಾಳವ್ವನಿಗೆ ಹೊಳೆಯಾಚೆಯ ಊರಿನಿಂದ ಗಂಡು ಬಂತು. ಅಕ್ಕನ ತಾಳಿಯನ್ನೂ ಕೊರಳಿಗೆ ಹಾಕುವ ಬೋರಮಾಳವನ್ನೂ ಮಾನಪ್ಪನೇ ಮಾಡಿದ. ಬೀಗರು ಬಂದು ಅಂಗಳದಲ್ಲಿ ಕೂತು ತಟ್ಟೆಯಲ್ಲಿ ಒಡವೆ ಇಟ್ಟುಕೊಂಡು ನೋಡುತ್ತಿದ್ದಾಗ, ಕಾಳವ್ವನ ಅತ್ತೆಯಾಗುವವಳು ಎಲ್ಲರಿಗೂ ಕೇಳಿಸುವ ಹಾಗೆ ಅಂದಳಂತೆ: "ಅಕ್ಕಸಾಲಿಗ ಅಕ್ಕನ ಬಂಗಾರಾನೂ ಬಿಡಂಗಿಲ್ಲ ಅಂತಾರ. ಇದರಾಗ ನಿನ್ನ ಪಾಲು ಎಷ್ಟು ತಗದಿಟ್ಟಿ ತಮ್ಮಾ?"

ಎಲ್ಲರೂ ನಕ್ಕರಂತೆ. ಹಳೆಯ ಗಾದೆ, ಪತ್ತಾರರ ಮನೆಯವರು ದಿನಾ ಕೇಳುವ ಗಾದೆ. ಬೇರೆಯವನಾಗಿದ್ದರೆ ಅವನೂ ನಕ್ಕು ಬಿಡುತ್ತಿದ್ದ. ಕಾಳವ್ವ ತಲೆ ತಗ್ಗಿಸಿದ್ದನ್ನು ಮಾನಪ್ಪ ನೋಡಿದ. ನೋಡಿ, ಒಳಗೆ ಹೋಗಿ ಒರೆಗಲ್ಲು ತಂದ. ಅಂಗಳದ ನಟ್ಟನಡುವೆ, ಬಿಸಿಲು ಬೀಳುವ ಕಡೆ ಇಟ್ಟ.

"ನೀವ ತಿಕ್ಕ್ರಿ ಅತ್ತಿ," ಅಂದನಂತೆ.

ಪತ್ತಾರರು ಒರೆಗಲ್ಲನ್ನು ಬೇರೆಯವರ ಕೈಗೆ ಕೊಡುವುದೇ ಇಲ್ಲ. ತಾವೇ ತಿಕ್ಕಿ, ತಾವೇ ನೋಡಿ, ಹೌದು ಇಲ್ಲ ಅನ್ನುತ್ತಾರೆ. ಆ ಹೆಣ್ಣುಮಗಳು ಗಾಬರಿಯಾದಳಂತೆ. ಆದರೂ ಆಡಿದ ಮಾತು ಆಡಿಯಾಗಿತ್ತು. ತಾಳಿ ತೆಗೆದು ಕಲ್ಲಿನ ಮೇಲೆ ಒಂದು ಗೆರೆ ಎಳೆದಳು. ಅದರ ಪಕ್ಕದಲ್ಲಿ ಮಾನಪ್ಪ, ಅಪ್ಪನ ಕಾಲದಿಂದ ಬಂದಿದ್ದ ಅಪ್ಪಟ ಬಂಗಾರದ ಒಂದು ಕಡ್ಡಿಯಿಂದ ಇನ್ನೊಂದು ಗೆರೆ ಎಳೆದ. ಒಂದರ ಪಕ್ಕ ಒಂದು, ಎರಡು ಗೆರೆ.

"ಎರಡೂ ಒಂದೇನು ನೋಡ್ರಿ," ಅಂದ. "ನನ್ನ ಕೇಳಬ್ಯಾಡ್ರಿ. ನೀವ ನೋಡಿ ಹೇಳ್ರಿ."

ಆಕೆ ಬಗ್ಗಿ ನೋಡಿದಳು. ಹಿಂದಿನಿಂದ ಅವಳ ತಂಗಿ ನೋಡಿದಳು. ನಾದಿನಿ ನೋಡಿದಳು. ನೆರೆಮನೆಯವರು ಒಬ್ಬರ ಹೆಗಲ ಮೇಲೆ ಒಬ್ಬರು ಬಾಗಿ ನೋಡಿದರು. ಬಹಳ ಹೊತ್ತಾದ ಮೇಲೆ ಅತ್ತೆ, "ಒಂದೇ," ಅಂದಳಂತೆ.

ಅಕ್ಕ ಚಕ್ಕಡಿ ಹತ್ತುವಾಗ ಮಾನಪ್ಪ ತನ್ನ ಒರೆಗಲ್ಲಿನ ಮೂಲೆಯಿಂದ ಹೆಬ್ಬೆರಳಷ್ಟು ದೊಡ್ಡ ಚೂರೊಂದನ್ನು ಕೆತ್ತಿ ಅವಳ ಉಡಿಗೆ ಹಾಕಿದನಂತೆ. ಉಡಿಯೊಳಗೆ ಅಕ್ಕಿ, ಅರಿಶಿನದ ಕೊಂಬು, ಅದರ ಜೊತೆ ಆ ಕರಿಕಲ್ಲು. "ಯಕ್ಕಾ, ನನ್ನ ಕೈಯಿಂದ ನಿನ್ನ ಮನಿಗೆ ಕಲಬೆರಕಿ ಅನ್ನೂದು ಯಾವತ್ತೂ ಬರಂಗಿಲ್ಲ. ಬಂತು ಅನಿಸಿದ್ರ ಇದರ ಮ್ಯಾಲೆ ತಿಕ್ಕಿ ನೋಡು," ಅಂದನಂತೆ. ಕಾಳವ್ವ ಅಳುತ್ತಲೇ ಉಡಿಯನ್ನು ಬಿಗಿ ಮಾಡಿಕೊಂಡಳು.

ಅಲ್ಲಿಂದ ಅವನ ರೂಢಿ ಶುರುವಾಯಿತಂತೆ. ಯಾರೇ ಬರಲಿ, ಬಂಗಾರದ ಒಡೆಯರೇ ತಮ್ಮ ಕೈಯಿಂದ ತಿಕ್ಕಬೇಕು. ಅವರೇ ಮೊದಲು ನೋಡಬೇಕು. ಮನೆಯ ಮುಂದಿನ ಬೇವಿನ ಗಿಡದ ನೆರಳು ಬುಡಕ್ಕೆ ಬಂದ ಹೊತ್ತಿನಲ್ಲಿ ಮಾತ್ರ ಒರೆಗೆ ಹಚ್ಚುವುದು. ದೀಪದ ಬೆಳಕಿನಲ್ಲಿ ಇಲ್ಲವೇ ಇಲ್ಲ. ಇದರಿಂದ ಜನಕ್ಕೆ ಬೇಸರವೂ ಆಗುತ್ತಿತ್ತು. ಒಬ್ಬಳು ಮುದುಕಿ ಬಂದು, "ನನಗ ಕಣ್ಣು ಕಾಣಂಗಿಲ್ಲಪಾ, ನೀನ ನೋಡಿ ಹೇಳಿ ಪುಣ್ಯ ಕಟ್ಟಿಕೋ," ಅಂದಳಂತೆ. ಹಾಗಾದರೆ ಸೊಸೆಯನ್ನು ಕರೆದುಕೊಂಡು ಬಾ ಅಂದ ಇವನು. "ಅಯ್ಯ, ಆಕಿಗೆ ನನ್ನ ಬಂಗಾರ ತೋರಸೂದಾ? ಇವತ್ತು ನೋಡ್ತಾಳ, ನಾಳೆ ಹಾಕ್ಕೋತಾಳ!" ಅಂದು ಮುದುಕಿ ಸೆರಗು ಬಿಗಿ ಮಾಡಿಕೊಂಡು ಎದ್ದು ಹೋದಳಂತೆ. ಮರುದಿನ ಸೊಸೆಯನ್ನೇ ಕರೆದುಕೊಂಡು ಬಂದಳಂತೆ. ಹೀಗೆ ಹತ್ತು ಹದಿನೈದು ವರ್ಷದಲ್ಲಿ ಆ ಊರಿನ ಹೆಣ್ಣುಮಕ್ಕಳೆಲ್ಲ ಗೆರೆ ನೋಡಲು ಕಲಿತರಂತೆ. ಕೆಂಪು ತಿರುಗಿದರೆ ತಾಮ್ರ, ಬಿಳಚಿಕೊಂಡರೆ ಬೆಳ್ಳಿ. ಹೊಲಕ್ಕೆ ಹೋಗುವ ದಾರಿಯಲ್ಲಿ ಸುಮ್ಮನೆ ಕೂಡ ಕಲ್ಲಿಗೆ ಬಳೆ ತಿಕ್ಕಿ ನೋಡುತ್ತಿದ್ದರಂತೆ.

ಮಾನಪ್ಪ ತಾನು ಮಾಡಿದ ಒಡವೆಯ ಒಳಬದಿಗೆ ಒಂದು ಮುದ್ರೆ ಒತ್ತುತ್ತಿದ್ದ. ಹೆಸರಲ್ಲ, ಅಕ್ಷರವಲ್ಲ. ಎರಡು ಸಣ್ಣ ಗೆರೆ, ಒಂದರ ಪಕ್ಕ ಒಂದು.

ಆ ಕಾಲದಲ್ಲಿ ಮಾಡಿಟ್ಟ ಒಡವೆಯನ್ನು ಯಾರೂ ಕೊಳ್ಳುತ್ತಿರಲಿಲ್ಲ. ಬಂಗಾರ ಅಂದರೆ ನಮ್ಮ ಮನೆಯದು, ನಮ್ಮ ಪತ್ತಾರನಿಗೆ ಕೊಟ್ಟು, ಅವನ ಎದುರು ಕೂತು ಮಾಡಿಸಿಕೊಂಡು ಬರುವುದು. ಯಾರೋ ಯಾರಿಗೋ ಮಾಡಿದ ತಾಳಿಯನ್ನು ಅಂಗಡಿಯಿಂದ ತರುವುದು ಅಂದರೆ ಜನ ಬಾಯಿ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದರು. ಅಂಥ ಕಾಲದಲ್ಲಿ ಬಸಲಿಂಗ ಸಾವಕಾರ ಅನ್ನುವವನು ಸಂತೆಪೇಟೆಯಲ್ಲಿ ಒಡವೆ ಅಂಗಡಿ ಇಟ್ಟನಂತೆ. ಮೊದಲು ಸೀರೆ ವ್ಯಾಪಾರ ಮಾಡುತ್ತಿದ್ದವನು. ಸೀರೆಯ ಹಾಗೆ ಬಂಗಾರವನ್ನೂ ಹಾಸಿ ತೋರಿಸಿದರೆ ಹೆಣ್ಣುಮಕ್ಕಳು ಬರುತ್ತಾರೆ ಅಂತ ಅವನ ಲೆಕ್ಕ. ಬಂದರು, ನೋಡಿದರು, ಹೋದರು. ಕೊಂಡವರು ಒಬ್ಬರೂ ಇಲ್ಲ. ಒಬ್ಬಳು ಕೇಳಿಯೇ ಬಿಟ್ಟಳಂತೆ, "ಸೀರಿ ಆದ್ರ ತೊಳದ ಮ್ಯಾಲೆ ಬಣ್ಣ ಹೋತು ಅಂತ ಗೊತ್ತಾಕ್ಕತಿ ಸಾವಕಾರ. ಇದನ್ನ ಹ್ಯಾಂಗ ತೊಳೀಲಿ?"

ಸಾವಕಾರ ಸೀದಾ ಮಾನಪ್ಪನ ಬೇವಿನ ಗಿಡದ ಕೆಳಗೆ ಬಂದ. ಸಂತೆಯ ದಿನ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಬಂದು ಕೂರು, ಇನ್ನೇನೂ ಬೇಡ ಅಂದ. ನಿನ್ನ ಕಲ್ಲು ಇಡು, ಜನ ತಿಕ್ಕಲಿ, ನೋಡಲಿ. ಕೆಟ್ಟ ಮನುಷ್ಯನೇನಲ್ಲವಂತೆ ಬಸಲಿಂಗ ಸಾವಕಾರ. ಅವನು ತಂದಿದ್ದ ಮಾಲು ಒಳ್ಳೆಯ ಮಾಲೇ. ಮಾನಪ್ಪ ಹೋದ. ಜನ ತಿಕ್ಕಿದರು, ನೋಡಿದರು, ಒಂದೇ ಅಂದರು, ಕೊಂಡರು. ಒಂದು ಮಳೆಗಾಲ ಕಳೆಯುವುದರೊಳಗೆ ಅಂಗಡಿ ತುಂಬಿತಂತೆ.

ಆಮೇಲೆ ಪಕ್ಕದ ಊರಲ್ಲಿ ಇನ್ನೊಂದು ಅಂಗಡಿ. ಅಲ್ಲಿ ಸಂತೆ ಮಂಗಳವಾರ. ಆಮೇಲೆ ಮತ್ತೊಂದು. ಹೊಳೆಸಾಲಿನಲ್ಲಿ ಸಂತೆಯ ಊರು ಏಳು, ವಾರಕ್ಕೆ ದಿನವೂ ಏಳು. ಸಾವಕಾರನಿಗೆ ಏಳು ಅಂಗಡಿಯಾದವು. ಎಲ್ಲ ಕಡೆ ಜನ ಒಂದೇ ಮಾತು ಕೇಳುತ್ತಿದ್ದರು: ಎರಡು ಗೆರೆಯ ಮಾನಪ್ಪ ಬರುತ್ತಾನೇನು?

ಬರುತ್ತಿದ್ದ. ಸೋಮವಾರ ಒಂದೂರು, ಮಂಗಳವಾರ ಒಂದೂರು. ಕಲ್ಲನ್ನು ಹೆಗಲ ಚೀಲದಲ್ಲಿ ಹಾಕಿಕೊಂಡು, ಒಮ್ಮೆ ಚಕ್ಕಡಿ, ಒಮ್ಮೆ ನಡಿಗೆ, ಒಮ್ಮೆ ಹರಿಗೋಲು. ಭಾನುವಾರದ ಸಂತೆ ಮುಗಿದರೆ ಸೋಮವಾರದ ಊರಿಗೆ ದಾರಿ ಹಿಡಿಯಬೇಕು. ಸ್ವಂತ ಮನೆಯ ಬೇವಿನ ಗಿಡದ ಕೆಳಗೆ ಕೂತು ಎಷ್ಟು ಕಾಲವಾಯಿತು ಅಂತ ಅವನಿಗೇ ಮರೆತುಹೋಗಿತ್ತಂತೆ. ಅವನಿಗೆ ಹೆಂಡತಿ ಮಕ್ಕಳಿದ್ದರೋ ಇಲ್ಲವೋ, ಕತೆ ಹೇಳುವುದಿಲ್ಲ. ಇದ್ದರೂ ಅವರು ಅವನನ್ನು ನೋಡಿದ್ದು ಕಡಿಮೆಯೇ ಇರಬೇಕು.

ಒಂದು ಸಂತೆಯಲ್ಲಿ ಜನ ಬಹಳವಾದರು. ಒಬ್ಬೊಬ್ಬರೂ ತಿಕ್ಕಿ, ಒಬ್ಬೊಬ್ಬರೂ ಬಗ್ಗಿ ನೋಡುವುದರೊಳಗೆ ಸಂತೆಯೇ ಮುಗಿಯುತ್ತದೆ, ನೀನೇ ತಿಕ್ಕಿ ನೀನೇ ನೋಡಿಬಿಡು, ನಿನ್ನ ಮಾತು ಸಾಕು ಅವರಿಗೆ ಅಂದನಂತೆ ಸಾವಕಾರ. ಸಾಲಿನಲ್ಲಿ ನಿಂತವರೂ ಹೌದು ಹೌದು ಅಂದರಂತೆ. ಅವರಿಗೂ ಹೊತ್ತಾಗಿತ್ತು. ಮಾನಪ್ಪ ದಣಿದಿದ್ದ. ಆಗಲಿ ಅಂದ.

ಮೆಟ್ಟಿಲ ಮೇಲೆ ಬಿಸಿಲು, ಒಳಗೆ ಗಾದಿ ಹಾಸಿದೆ, ಬಂದು ಒರಗಿಕೋ ಅಂದರು. ದಣಿದಿದ್ದ. ಆಗಲಿ ಅಂದ. ಒಳಗೆ ಬೆಳಕು ಸಾಲದು ಅಂತ ದೀಪ ಹಚ್ಚಿಕೊಟ್ಟರು. ಅದಕ್ಕೂ ಆಗಲಿ ಅಂದ.

ಏಳೂರು ಸುತ್ತಿ ಅವನ ಮೊಣಕಾಲು ಸೋತವಂತೆ. ಗೆರೆ ಎಳೆದು ಎಳೆದು, ಕಣ್ಣು ಮುಚ್ಚಿದರೂ ಗೆರೆಯೇ ಕಾಣುತ್ತಿತ್ತಂತೆ. ನೀನು ಬರಲಾಗದ ಸಂತೆಗೆ ನಿನ್ನ ಕೈಕೆಳಗಿನವರನ್ನು ಕಳಿಸು ಅಂದರು. ಏಳು ಜನಕ್ಕೆ ಕಲಿಸಿ ಕಳಿಸಿದ. ಅವರ ಮಾತನ್ನು ಜನ ನಂಬಲಿಲ್ಲ. ಹಾಗಾದರೆ ನಿನ್ನ ಮುದ್ರೆಯನ್ನಾದರೂ ಕೊಡು, ಮಾಲಿನ ಮೇಲೆ ಅದಿದ್ದರೆ ನೀನಿದ್ದ ಹಾಗೆ ಅಂದನಂತೆ ಸಾವಕಾರನ ದೊಡ್ಡ ಮಗ. ಮಾನಪ್ಪ ಆ ದಿನ ಹೊಳೆ ದಾಟಿ ಬಂದಿದ್ದ, ಪಂಚೆ ಇನ್ನೂ ಒದ್ದೆಯಾಗಿತ್ತಂತೆ. ಗೋಡೆಗೆ ಒರಗಿ ಕೂತಿದ್ದ.

ದಣಿದಿದ್ದ, ಮಕ್ಕಳೇ. ಕೆಟ್ಟವನಲ್ಲ, ಆಸೆಬುರುಕನೂ ಅಲ್ಲ. ಸುಮ್ಮನೆ ದಣಿದಿದ್ದ. ಆಗಲಿ ಅಂದ.

ತನ್ನ ಕೈಯಿಂದಲೇ ಏಳು ಉಕ್ಕಿನ ಮೊಳೆಗಳಿಗೆ ಎರಡೆರಡು ಗೆರೆ ಕೊರೆದು ಏಳು ಮುದ್ರೆ ಮಾಡಿ ಏಳು ಅಂಗಡಿಗೆ ಕೊಟ್ಟನಂತೆ. ಕೊಟ್ಟು ಮನೆಗೆ ಹೋಗಿ ಬೇವಿನ ಗಿಡದ ಕೆಳಗೆ ಹೊರಸು ಹಾಕಿಕೊಂಡು ಮಲಗಿದನಂತೆ. ಮೂರು ದಿನ ಏಳಲೇ ಇಲ್ಲವೆನ್ನುತ್ತಾರೆ. ಅಕ್ಕಪಕ್ಕದವರು ಬಂದು ಮೂಗಿನ ಹತ್ತಿರ ಬೆರಳು ಹಿಡಿದು ನೋಡಿ ಹೋಗುತ್ತಿದ್ದರಂತೆ.

ಹಾಗೆ ಎಷ್ಟು ವರ್ಷ ಹೋದವೋ. ಅಂಗಡಿಯ ಬಾಗಿಲ ಮೇಲೆ ಎರಡು ಗೆರೆ ಬರೆಸಿದರು. ಆಮೇಲೆ ಬಂಗಾರ ಸುತ್ತಿಕೊಡುವ ಬಟ್ಟೆಯ ಮೇಲೂ ಬರೆಸಿದರು. ಜನ ಈಗ ಮಾನಪ್ಪ ಬರುತ್ತಾನೇನು ಅಂತ ಕೇಳುತ್ತಿರಲಿಲ್ಲ. ಒಡವೆ ತಿರುಗಿಸಿ ಗೆರೆ ಇದೆಯಾ ನೋಡುತ್ತಿದ್ದರು. ಇದ್ದೇ ಇರುತ್ತಿತ್ತು. ಕಲ್ಲಿಗೆ ತಿಕ್ಕಿ ನೋಡುವ ರೂಢಿ ಮೆಲ್ಲಗೆ ತಪ್ಪಿತು. ಯಾಕೆ ತಿಕ್ಕಬೇಕು? ಮಾನಪ್ಪ ನೋಡಿದ್ದಾನಲ್ಲ.

ಒಂದು ಬೇಸಗೆಯಲ್ಲಿ ಹೊಳೆಯಾಚೆಯಿಂದ ಮಾನಪ್ಪನಿಗೆ ಹೇಳಿಕೆ ಬಂತು. ಕಾಳವ್ವನ ಮೊಮ್ಮಗಳ ಮದುವೆ. ಹೇಳಿಕೆ ತಂದವನು, ಮದುವೆಗೆ ಇನ್ನೂ ನಾಲ್ಕು ದಿನ ಇದೆ, ಆದರೆ ಕಾಳವ್ವ ಆಯಿ ಇವತ್ತೇ ಬಾ ಅಂದಿದ್ದಾಳೆ, ಯಾಕೆ ಅಂತ ಹೇಳಲಿಲ್ಲ, ಕಲ್ಲು ತಗೊಂಡು ಬಾ ಅಂದಿದ್ದಾಳೆ ಅಂದ. ಮಾನಪ್ಪ ಕಲ್ಲನ್ನು ಹುಡುಕಬೇಕಾಯಿತಂತೆ. ಕಡೆಗೆ ಅಟ್ಟದ ಮೇಲೆ, ಹಳೆಯ ಮೊರದ ಕೆಳಗೆ, ಧೂಳು ಹಿಡಿದು ಕೂತಿತ್ತಂತೆ.

ಹೋದ. ಮನೆ ತುಂಬ ಚಪ್ಪರದ ಗದ್ದಲ. ಕಾಳವ್ವ ಮಾತ್ರ ಬಾಗಿಲ ಮುಂದಿನ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದಳು. ಹಲ್ಲೆಲ್ಲ ಹೋಗಿ ಮುಖ ಸಣ್ಣದಾಗಿತ್ತು. ತಮ್ಮನನ್ನು ನೋಡಿ ನಕ್ಕಳು, ನೀರು ಕುಡಿ ಅಂದಳು. ಅವನು ಕುಡಿಯುವ ತನಕ ಕಾದಳು. ಆಮೇಲೆ ಉಡಿಯಿಂದ ಹೊಸ ತಾಳಿ ತೆಗೆದು ಅವನ ಮುಂದಿಟ್ಟಳು.

"ನೋಡು," ಅಂದಳು.

ಎಷ್ಟು ವರ್ಷದ ಹಳೆಯ ಮಾತೋ, ಬಾಯಿಗೆ ತಾನಾಗಿ ಬಂತು: "ಮೊದಲು ನೀ ನೋಡಕ್ಕ."

"ನಾ ನೋಡೀನಿ," ಅಂದಳು ಕಾಳವ್ವ.

ಅಂಗೈ ಬಿಚ್ಚಿದಳು. ಅದರಲ್ಲಿ ಆ ಹೆಬ್ಬೆರಳಷ್ಟು ದೊಡ್ಡ ಕರಿಕಲ್ಲಿನ ಚೂರು. ಅದರ ಮೇಲೆ ಎರಡು ಗೆರೆ. ಒಂದು ಅವಳ ಕೊರಳಿನ ಬೋರಮಾಳದ್ದು, ಅವನು ತನ್ನ ಕೈಯಾರೆ ಮಾಡಿದ್ದು. ಇನ್ನೊಂದು ಹೊಸ ತಾಳಿಯದು. ಒಂದು ಹಣ್ಣಾದ ಜೋಳದ ತೆನೆಯ ಬಣ್ಣ. ಇನ್ನೊಂದಕ್ಕೆ ಕೆಂಪು ತಿರುಗಿತ್ತು.

ಮಾನಪ್ಪ ತನ್ನ ದೊಡ್ಡ ಕಲ್ಲು ತೆಗೆದು ತಾನೂ ತಿಕ್ಕಿ ನೋಡಿದ. ಅದೇ ಕೆಂಪು. ಇದನ್ನು ಮಾಡಿದ ಕಳ್ಳ ಯಾರು ಅಂತ ಕೇಳಿದನಂತೆ. ಕಾಳವ್ವ ತಾಳಿಯನ್ನು ಮಗುಚಿ ತೋರಿಸಿದಳು. ಒಳಬದಿಯಲ್ಲಿ ಎರಡು ಸಣ್ಣ ಗೆರೆ, ಒಂದರ ಪಕ್ಕ ಒಂದು. ಕಾಳವ್ವನ ಮಗ ಸಾವಕಾರನ ಅಂಗಡಿಯಿಂದ ಹೆಮ್ಮೆಯಿಂದ ತಂದದ್ದು. ಮಾಮನ ಮುದ್ರೆಯದೇ ಬೇಕು ಅಂತ ಹಟ ಹಿಡಿದು ತಂದದ್ದಂತೆ.

"ಮನಿಯಾಗ ಯಾರಿಗೂ ಹೇಳಿಲ್ಲ," ಅಂದಳು ಕಾಳವ್ವ. ಆಮೇಲೆ, ಸಿಟ್ಟಿನಿಂದಲ್ಲ, ಸಾಕಾಗಿ ಹೋದವರ ದನಿಯಲ್ಲಿ ಅಂದಳು: "ತಮ್ಮಾ, ನಮ್ಮತ್ತಿ ಅಂದಿದ್ದು ಖರೇನ ಆತಲ್ಲೋ."

ಮಾನಪ್ಪ ತಲೆ ಎತ್ತಲಿಲ್ಲವಂತೆ. ಅವನ ಕಿವಿಯಲ್ಲಿ ಚಿಕ್ಕಂದಿನಲ್ಲಿ ಅವ್ವ ಹಾಕಿಸಿದ ಒಂಟಿಗಳಿದ್ದವು. ಹುಟ್ಟಾ ಬಡವರ ಮನೆಯ ಬಂಗಾರ, ಗೋದಿಕಾಳಿನಷ್ಟು ಗಾತ್ರದ್ದು, ಆದರೆ ಅಪ್ಪಟ. ಅವೆರಡನ್ನೂ ಬಿಚ್ಚಿದ. ಹಿತ್ತಲಲ್ಲಿ ಮಡಕೆಯ ಚೂರಿನ ಮೇಲೆ ಕೆಂಡ ಹಾಕಿದರು. ಊದಲು ಯಾರನ್ನೂ ಕರೆಯಲಿಲ್ಲ. ಕಾಳವ್ವ ಊದಿದಳು, ಎರಡು ಉಸಿರಿಗೆ ಕೆಮ್ಮು ಬಂತು. ಅವನು ಊದಿದ, ಅವನಿಗೂ ಉಸಿರು ಸಾಲಲಿಲ್ಲ. ಒಬ್ಬರಾದ ಮೇಲೆ ಒಬ್ಬರು, ನಡುನಡುವೆ ಗೋಡೆಗೆ ಒರಗಿ ಸುಧಾರಿಸಿಕೊಂಡು, ಹಗಲೆಲ್ಲ ಊದಿದರಂತೆ ಆ ಇಬ್ಬರು ಮುದುಕರು. ಬಂಗಾರ ಕರಗಿತು. ಸಣ್ಣ ತಾಳಿಯಾಯಿತು, ತೊಗರಿಕಾಳಿನಷ್ಟು ಅಗಲದ್ದು. ಅದರ ಮೇಲೆ ಅವನು ಮುದ್ರೆ ಒತ್ತಲಿಲ್ಲ. ಮದುವೆಯಲ್ಲಿ ಅದನ್ನೇ ಕಟ್ಟಿದರು. ಇಷ್ಟು ಸಣ್ಣದಾ ಅಂತ ಬೀಗರು ಗೊಣಗಿದರಂತೆ. ಕಾಳವ್ವ ತನ್ನ ಕಲ್ಲಿನ ಚೂರನ್ನು ಅವರ ಮುಂದೆ ಇಟ್ಟು, ತಿಕ್ಕಿ ನೋಡಿರಿ ಅಂದಳಂತೆ. ಮತ್ತೆ ಗೊಣಗಲಿಲ್ಲ.

ಅರಿಶಿನದ ನೀರು ಒಣಗುವುದಕ್ಕೆ ಮುಂಚೆ ಮಾನಪ್ಪ ಬಸಲಿಂಗ ಸಾವಕಾರನ ಮನೆಗೆ ಹೋದ. ಸಾವಕಾರನೂ ಮುದುಕನಾಗಿದ್ದ, ತೂಗುಮಂಚದ ಮೇಲೆ ಕಾಲು ಒತ್ತಿಸಿಕೊಳ್ಳುತ್ತ ಕೂತಿದ್ದ. ಮಾನಪ್ಪ ಕೆಂಪು ತಿರುಗಿದ ತಾಳಿಯನ್ನು ಅವನ ಅಂಗೈ ಮೇಲೆ ಇಟ್ಟ. ಸಾವಕಾರ ಅದನ್ನು ಮಗುಚಿ ನೋಡಿದ, ಬಹಳ ಹೊತ್ತು ನೋಡಿದ.

"ನಾ ನೋಡಿಲ್ಲೋ ಮಾನಪ್ಪ," ಅಂದನಂತೆ ಕಡೆಗೆ. "ನೋಡಾಕ ನೀ ಅದಿ ಅಂತ ತಿಳಕೊಂಡಿದ್ದೆ."

"ನಾ ನೀ ಅದಿ ಅಂತ ತಿಳಕೊಂಡಿದ್ದೆ," ಅಂದನಂತೆ ಮಾನಪ್ಪ.

ಯಾರು ಬೆರೆಸಿದರು ಅನ್ನುವುದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಏಳು ಅಂಗಡಿ, ಏಳು ಮುದ್ರೆ, ಅವುಗಳ ಹಿಂದೆ ನೂರು ಕೈ. ಪ್ರತಿಯೊಬ್ಬನೂ ಮುಂದಿನವನು ನೋಡುತ್ತಾನೆ ಅಂದುಕೊಂಡಿರಬೇಕು. ಕೊಂಡವರು ಕೂಡ. ಕತೆಯಲ್ಲಿ ಕಳ್ಳನಿಗೆ ಒಂದು ಹೆಸರಿರಬೇಕಿತ್ತು ಅಂತ ನನಗೂ ಅನಿಸುತ್ತದೆ. ಇಲ್ಲ, ಏನು ಮಾಡುವುದು.

ಮಾನಪ್ಪ ಮತ್ತೆ ಏಳೂರಿನ ದಾರಿ ಹಿಡಿದ. ಈ ಸಲ ಚಕ್ಕಡಿ ಕಳಿಸುವವರಿಲ್ಲ. ಸೋಮವಾರ ಮೊದಲನೆಯ ಊರಿನ ಸಂತೆಯಲ್ಲಿ, ಅಂಗಡಿಯ ಹೊರಗೆ ಮೆಟ್ಟಿಲ ಮೇಲೆ, ಬಿಸಿಲಿನಲ್ಲಿ ಕಲ್ಲು ಇಟ್ಟುಕೊಂಡು ಕೂತ. ಎರಡು ಗೆರೆಯಿದ್ದದ್ದು ಏನಿದ್ದರೂ ತನ್ನಿ ಅಂದ. ಹಳೆಯ ಹೆಣ್ಣುಮಕ್ಕಳಿಗೆ ಕೈ ಮರೆತಿರಲಿಲ್ಲ. ತಾವೇ ತಿಕ್ಕಿದರು, ತಾವೇ ನೋಡಿದರು. ಕೆಲವರದು ಒಂದೇ ಆಗಿತ್ತು. ಕೆಲವರದು ಆಗಿರಲಿಲ್ಲ. ಒಬ್ಬಳು ಗೆರೆ ನೋಡಿ ಬಿಕ್ಕಿ ಅತ್ತಳಂತೆ. ಇನ್ನೊಬ್ಬಳು ಬಾಯಿ ತುಂಬ ಬೈದಳಂತೆ: "ನೀನಽ ಹಿಂಗ ಮಾಡಿದ್ರ ನಾವು ಯಾರ ಮಾರಿ ನೋಡೂಣೋ ಮುದುಕಾ!" ಅವನು ಹೂಂ ಅಂದನಂತೆ. ಬೈಯುವವರ ಬಾಯಿ ಮುಗಿಯುವ ತನಕ ಕೇಳಿ, ಮುಂದಿನವರಿಗೆ ಕಲ್ಲು ಸರಿಸಿದನಂತೆ. ಬಸಲಿಂಗ ಸಾವಕಾರ ತಾನೇ ಬಂದು ಮುದ್ರೆ ತಂದುಕೊಟ್ಟ. ಕೆಂಪು ತಿರುಗಿದ್ದನ್ನೆಲ್ಲ ಬದಲಿಸಿ ಕೊಡಿರಿ ಅಂತ ಅಂಗಡಿಯವರಿಗೆ ಹೇಳಿದ. ಹಾಗೆ ಆರು ಊರು. ಆರು ಮುದ್ರೆ ಅವನ ಚೀಲಕ್ಕೆ ಬಿದ್ದವು.

ಏಳನೆಯ ಊರಿನ ಅಂಗಡಿ ಸಾವಕಾರನ ದೊಡ್ಡ ಮಗನದು. ಅವನು ಮುದ್ರೆ ಕೊಡಲಿಲ್ಲ. ಬೈಯಲೂ ಇಲ್ಲ. ಬಹಳ ಮರ್ಯಾದೆಯಿಂದ ಹೊರಗೆ ಬಂದು, "ಬಿಸಿಲಾಗ ಯಾಕ ಕುಂತೀರಿ ಮಾಮಾ? ಒಳಗ ಬರ್ರಿ. ಗಾದಿ ಹಾಸೈತಿ, ಒರಗ್ರಿ. ಎಲ್ಲಾ ನಾವು ನೋಡ್ಕೋತೀವಿ," ಅಂದನಂತೆ.

ಮಾನಪ್ಪ ದಣಿದಿದ್ದ. ಆರು ದಿನ ನಡೆದಿದ್ದ, ಪಾದ ಒಡೆದು ರಕ್ತ ಬಂದಿತ್ತು. ಒಳಗಿನ ಗಾದಿ ಅವನಿಗೆ ಕಾಣುತ್ತಿತ್ತು. ಆಗಲಿ ಅನ್ನುತ್ತಾನೆ ಅಂತ ಸಂತೆಯೆಲ್ಲ ನಿಂತು ನೋಡಿತಂತೆ.

ಅನ್ನಲಿಲ್ಲ.

ಆ ಮೆಟ್ಟಿಲ ಮೇಲೆ ಎಷ್ಟು ದಿನ ಕೂತ? ಮೂರು ಅನ್ನುತ್ತಾರೆ, ಹದಿನೆಂಟು ಅನ್ನುತ್ತಾರೆ. ಕೂತಲ್ಲೇ ಕಲ್ಲಾದ ಅನ್ನುವವರಿದ್ದಾರೆ, ಆ ಕಲ್ಲನ್ನು ತೋರಿಸುತ್ತಾರೆ ಕೂಡ. ನಮ್ಮವ್ವ ಹೇಳುತ್ತಿದ್ದದ್ದು ಬೇರೆ. ಒಂದು ಬೆಳಿಗ್ಗೆ ಕಾಳವ್ವ ಹರಿಗೋಲಿನಲ್ಲಿ ಬಂದು, ಏಳು ತಮ್ಮಾ, ಸಾಕು ಅಂದಳಂತೆ. ಅವನು ಏಳನೆಯದು ಸಿಗಲಿಲ್ಲಕ್ಕ ಅಂದನಂತೆ. ಸಿಗಂಗಿಲ್ಲ ಅಂದಳಂತೆ ಆಕೆ. ಸಂತೆಗೆ ಬಂದಿದ್ದ ಹೆಣ್ಣುಮಕ್ಕಳ ಕಡೆ ಕೈ ತೋರಿಸಿ, ಅವರಿಗೆ ನೋಡಲು ಗೊತ್ತಾಯಿತಲ್ಲ, ಇನ್ನು ಅವರು ನೋಡಿಕೊಳ್ಳಲಿ ಅಂದಳಂತೆ. ಅವನು ಎದ್ದ. ಒರೆಗಲ್ಲನ್ನು ಮೆಟ್ಟಿಲ ಮೇಲೇ ಬಿಟ್ಟು ಎದ್ದ. ಹೊಳೆಯ ನಡುವೆ ಆರು ಮುದ್ರೆಗಳನ್ನು ನೀರಿಗೆ ಹಾಕಿ, ಅಕ್ಕನ ಮನೆಗೆ ಹೋಗಿ, ಕಟ್ಟೆಯ ಮೇಲೆ ಬಿಸಿಲಿಗೆ ಮಲಗಿದನಂತೆ. ಅಲ್ಲಿಗೆ ಅವನ ಕತೆ ಮಲಗಿತು.

ಉಳಿದದ್ದು ಆ ಏಳನೆಯ ಮುದ್ರೆ. ಅದರಿಂದಲೇ ಈಗಿನ ಅಂಗಡಿಗಳೆಲ್ಲ ಹುಟ್ಟಿದವಂತೆ. ಊರೂರಿಗೂ ಗಾಜಿನ ಬಾಗಿಲು, ಒಳಗೆ ತಂಪು, ಹೊರಗೆ ಬಂದೂಕಿನ ಕಾವಲು, ಬೋರ್ಡಿನ ಮೇಲೆ ಎರಡು ಬಂಗಾರದ ಗೆರೆ. ಕಂಪನಿಯವರು ಹೊಳೆಯುವ ಕಾಗದದಲ್ಲಿ ತಮ್ಮ ಚರಿತ್ರೆ ಅಚ್ಚು ಹಾಕಿಸಿದ್ದಾರೆ. ತಾಳಿ ಕೊಂಡವರಿಗೆ ಪುಕ್ಕಟೆ ಕೊಡುತ್ತಾರೆ. ಅದರಲ್ಲಿ ಬಸಲಿಂಗ ಸಾವಕಾರನ ಚಿತ್ರವಿದೆ, ಮಕ್ಕಳ ಮೊಮ್ಮಕ್ಕಳ ಫೋಟೊ ಇವೆ. ಎರಡು ಗೆರೆ ಅಂದರೆ ನಂಬಿಕೆ ಮತ್ತು ಪರಂಪರೆ ಅಂತ ಬರೆದಿದ್ದಾರೆ. ಬರೆಯಲಿ. ಈಗಿನ ಮಾಲು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮಶೀನಿದೆ, ಸರಕಾರದ ಮುದ್ರೆಯಿದೆ. ಇರಲಿ.

ಆದರೂ ಹೊಳೆಸಾಲಿನ ನಾವು ಒಂದು ಮಾಡುತ್ತೇವೆ. ತಾಳಿ ತರಲು ಹೋಗುವಾಗ ಮದುವಣಗಿತ್ತಿಯ ಅಕ್ಕ ಜೊತೆಗೆ ಹೋಗಬೇಕು. ಸ್ವಂತ ಅಕ್ಕ ಇಲ್ಲದಿದ್ದರೆ ಓಣಿಯ ಯಾರಾದರೊಬ್ಬಳು ಆ ದಿನದ ಮಟ್ಟಿಗೆ ಅಕ್ಕನಾಗಬೇಕು. ಮಶೀನು ತನ್ನ ಲೆಕ್ಕ ಹೇಳಿದ ಮೇಲೆ ಆಕೆ ತಾಳಿಯನ್ನು ಎತ್ತಿಕೊಂಡು ಗಾಜಿನ ಬಾಗಿಲಿನ ಹೊರಗೆ, ಬಿಸಿಲಿಗೆ ಬರುತ್ತಾಳೆ. ಸೆರಗಿನ ಗಂಟಿನಿಂದ ಒಂದು ಕರಿಕಲ್ಲಿನ ಚೂರು ತೆಗೆಯುತ್ತಾಳೆ. ತನ್ನ ಕೊರಳಿನದರಿಂದ ಒಂದು ಗೆರೆ, ಹೊಸದರಿಂದ ಒಂದು. ಬಗ್ಗಿ ನೋಡುತ್ತಾಳೆ. ಅವಸರ ಮಾಡುವುದಿಲ್ಲ. ಬೆಳಗಿನಿಂದ ನಿಂತು ಕಾಲು ಸೋತ ಅಂಗಡಿಯ ಹುಡುಗಿಯರು ಒಳಗೆ ಕಾಯುತ್ತಾರೆ. ತಂಪು ಹೊರಗೆ ಹೋಗುತ್ತದೆ ಅಂತ ಮ್ಯಾನೇಜರು ಮುಖ ಗಂಟಿಕ್ಕುತ್ತಾನೆ. ಬಾಗಿಲು ಹಿಡಿದುಕೊಂಡು ನಿಂತ ಕಾವಲಿನವನು ಈ ಕಡೆಯವನೇ ಆದರೆ ಬಾಗಿಲನ್ನು ಇನ್ನಷ್ಟು ಅಗಲ ತೆಗೆದು, ಮೆಲ್ಲಗೆ ಇಷ್ಟೇ ಕೇಳುತ್ತಾನೆ.

"ನೋಡಿದ್ರೇನಕ್ಕಾ?"

ಅವಳು ತಲೆ ಎತ್ತಿ, ಕಾಳವ್ವ ಅಂದ ಹಾಗೆಯೇ ಅನ್ನಬೇಕು. ಬೇರೆ ಯಾರೂ ಅವಳ ಪರವಾಗಿ ಅನ್ನುವ ಹಾಗಿಲ್ಲ.

"ನಾ ನೋಡೀನಿ."